ಮಹಾಪಧಮನಿಯ ಸೀಳು: ‘ಎ’ ಬಗೆ, ‘ಬಿ’ ಬಗೆ

ಪ್ರಶ್ನೆ: ನಮ್ಮ ತಂದೆಯವರಿಗೆ ಒಮ್ಮೆಲೇ ಬೆನ್ನು ಹರಿದಂಥ ನೋವು ಬಂತು. ಇಸಿಜಿ ಸರಿಯಿದ್ದರೂ ವೈದ್ಯರು ಬೆಳಗಾವಿಗೆ ಕಳಿಸಿ ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳ ಸ್ಕ್ಯಾನ್) ಮಾಡಿಸಿದರು. ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಸೀಳಿದೆ, ಆದರೆ ‘ಬಿ’ ಬಗೆಯದು, ಸದ್ಯ ಶಸ್ತ್ರಚಿಕಿತ್ಸೆ ಬೇಡ ಎಂದಿದ್ದಾರೆ. ಇದು ಸರಿಯೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಇದು ಒಪ್ಪಿತವಾದ ಕ್ರಮವೇ ಆಗಿದೆ. ಇಸಿಜಿಯಷ್ಟಕ್ಕೇ ನಿಲ್ಲದ ನಿಮ್ಮ ವೈದ್ಯರ ಎಚ್ಚರವನ್ನು ಮೆಚ್ಚಬೇಕು. ಈ ಕಾಯಿಲೆಯಲ್ಲಿ ಎದೆಯ ಎಕ್ಸ್‌ರೇ ಕೂಡ ಸಹಜವಾಗಿ ಕಾಣಬಹುದು.

ಮಹಾಪಧಮನಿಯ ಒಳಪದರ ಹರಿದಾಗ ರಕ್ತವು ಗೋಡೆಯ ಪದರಗಳ ನಡುವೆ ನುಗ್ಗಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. 1970ರ ಸ್ಟ್ಯಾನ್‌ಫರ್ಡ್ ವರ್ಗೀಕರಣದಂತೆ, ಹರಿದ ಜಾಗ ಎಲ್ಲೇ ಇರಲಿ, ಹೃದಯದಿಂದ ಮೇಲಕ್ಕೇರುವ ಭಾಗಕ್ಕೆ ಸೀಳು ತಗುಲಿದ್ದರೆ ಅದು ‘ಎ’, ಇಲ್ಲದಿದ್ದರೆ ‘ಬಿ’. ‘ಎ’ ಬಗೆಯಲ್ಲಿ ಹೃದಯದ ಸುತ್ತಲಿನ ಚೀಲದೊಳಗೆ ರಕ್ತ ಸೋರುವ ಅಪಾಯವಿರುವುದರಿಂದ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ‘ಬಿ’ ಬಗೆಯಲ್ಲಿ ನೋವು, ನಾಡಿಬಡಿತ ಹಾಗೂ ರಕ್ತದೊತ್ತಡವನ್ನು ತಗ್ಗಿಸುವುದು ಮೊದಲ ಚಿಕಿತ್ಸೆ. ಕರುಳು, ಮೂತ್ರಪಿಂಡ ಅಥವಾ ಕಾಲುಗಳಿಗೆ ರಕ್ತ ಸಾಲದಾದರೆ, ಇಲ್ಲವೇ ಧಮನಿ ಒಡೆಯುವ ಲಕ್ಷಣ ಕಂಡರೆ, ಸಾಮಾನ್ಯವಾಗಿ ತೊಡೆಯ ಧಮನಿಯ ಮೂಲಕ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಲೋಹದ ಜಾಲರಿಯ ಕೊಳವೆ) ಕೂರಿಸುತ್ತಾರೆ.

ಸ್ಕ್ಯಾನಿನಲ್ಲಿ ರಕ್ತನಾಳಗಳು ಎದ್ದು ಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಔಷಧ ಕೊಡುವ ಮುನ್ನವೂ ಚಿತ್ರ ತೆಗೆಯುವುದುಂಟು, ಏಕೆಂದರೆ ಗೋಡೆಯೊಳಗೇ ಹೆಪ್ಪುಗಟ್ಟಿದ ರಕ್ತ ಆಗ ಚೆನ್ನಾಗಿ ಕಾಣುತ್ತದೆ. ಸ್ಕ್ಯಾನಿಗೆ ಸಾಗಿಸಲಾಗದ ರೋಗಿಗೆ ಅನ್ನನಾಳದ ಮೂಲಕ ಮಾಡುವ ಎಕೋ (ಅಲ್ಟ್ರಾಸೌಂಡ್ ಪರೀಕ್ಷೆ) ನೆರವಾಗುತ್ತದೆ.

‘ಬಿ’ ಎಂದೊಡನೆ ಅಪಾಯ ಮುಗಿಯಿತೆಂದು ದಯವಿಟ್ಟು ತಿಳಿಯಬೇಡಿ. ಔಷಧ ತಪ್ಪಿಸಬಾರದು, ಮುಂದಿನ ಸ್ಕ್ಯಾನಿಗೆ ಹೋಲಿಸಿ ನೋಡಲು ಹಳೆಯ ಸ್ಕ್ಯಾನಿನ ಸಿಡಿಯನ್ನು ವರದಿಯೊಂದಿಗೆ ಜೋಪಾನವಾಗಿಡಿ.