ಸೇತುವೆ ಮೇಲೆ ಕೂರೋ ಮೊದಲು: ಮನವಿ ಪತ್ರ ತಗೊಳ್ಳೋಕೆ ಯಾರು ಬರ್ತಾರೆ?

ಸೇತುವೆ ತಡೆದರೆ ಇಸ್ರೇಲಿಗಳು ಮತ್ತು ಪ್ಯಾಲೆಸ್ತೀನಿಯರ ಮಧ್ಯೆ ಶಾಂತಿ ಬರುತ್ತಾ, ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದಲ್ಲಿರೋ ನಾನೂ ಹೋಗಿ ಕೂರಲಾ ಅಂತ ಕೇಳಿದ್ದೀರಿ. 2024ರಲ್ಲಿ ಇದೇ ಪ್ರಶ್ನೆಗೆ "ಹೋಗು" ಅಂತ ನನಗೆ ನಾನೇ ಉತ್ತರ ಕೊಟ್ಟುಕೊಂಡು, ಅಮೆರಿಕದ ಒಂದು ಊರಿನ ಸೇತುವೆ ತಡೆಯಲ್ಲಿ ಕಿತ್ತಳೆ ಜಾಕೆಟ್ ಹಾಕಿಕೊಂಡು ಸ್ವಯಂಸೇವಕನಾಗಿ ನಿಂತವನು ನಾನು. ತಪ್ಪಾಯ್ತು. ತಡೆದಿದ್ದು ತಪ್ಪಲ್ಲ, ತಡೆದ ಜಾಗ ತಪ್ಪು. ಆ ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನೀವು ಬರೆದಿರೋ ಯೋಜನೆ ನೋಡಿದರೆ ಅದನ್ನೇ ಮತ್ತೆ ಮಾಡೋ ಹಾಗಿದೆ.

ಮಂಡ್ಯದಲ್ಲಿ ಕಾವೇರಿಗಾಗಿ ಹೆದ್ದಾರಿ ತಡೆದಾಗ ಏನಾಗುತ್ತೆ ನೆನಪಿಸಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ತಹಶೀಲ್ದಾರರೋ ಜಿಲ್ಲಾಧಿಕಾರಿಯೋ ಬರ್ತಾರೆ, ಮನವಿ ಪತ್ರ ತಗೋತಾರೆ, "ಸರ್ಕಾರದ ಗಮನಕ್ಕೆ ತರ್ತೀವಿ" ಅಂತಾರೆ, ಫೋಟೋ ಆಗುತ್ತೆ, ಜನ ಏಳ್ತಾರೆ. ಇದನ್ನೆಲ್ಲ ನಾಟಕ ಅಂತ ನಗ್ತಿದ್ದೆ. ಆದರೆ ಆ ಶಾಸ್ತ್ರದೊಳಗೆ ಒಂದು ಲೆಕ್ಕ ಇದೆ. ತಡೆದ ರಸ್ತೆ, ಕೇಳಿದ ಬೇಡಿಕೆ, ಅದನ್ನು ಈಡೇರಿಸಬಲ್ಲ ಸರ್ಕಾರ ಮೂರೂ ಒಂದೇ ಹಗ್ಗದಲ್ಲಿ ಕಟ್ಟಿರ್ತವೆ. ಈ ತುದಿ ಎಳೆದರೆ ಆ ತುದಿಯಲ್ಲಿ ಯಾರೋ ಅಲುಗಾಡ್ತಾರೆ.

ನಮ್ಮ ಬ್ಯಾನರಿನಲ್ಲಿ ಏಳು ಬೇಡಿಕೆ ಇದ್ದವು, ಗಾಜಾದ ಕದನವಿರಾಮದಿಂದ ಹಿಡಿದು ಊರಿನ ಪೊಲೀಸ್ ಬಜೆಟ್ ತನಕ. ನಾಲ್ಕನೆಯದರಿಂದಾಚೆ ಅಕ್ಷರ ಎಷ್ಟು ಸಣ್ಣದಾಗಿತ್ತು ಅಂದ್ರೆ ಮೊದಲನೇ ಸಾಲಿನ ಕಾರಿನವರಿಗೂ ಕಾಣ್ತಿರಲಿಲ್ಲ. ಕಾರಿನಲ್ಲಿ ಕೂತ ಒಬ್ಬನಿಗೂ ಆ ಏಳರಲ್ಲಿ ಒಂದನ್ನೂ ಈಡೇರಿಸೋ ಅಧಿಕಾರ ಇರಲಿಲ್ಲ. ಮನವಿ ತಗೊಳ್ಳೋಕೆ ಬಂದವರು ಹೆದ್ದಾರಿ ಪೊಲೀಸರು ಮಾತ್ರ.

ಇನ್ನು ಆಂಬುಲೆನ್ಸ್ ದಾರಿ. "ಒಂದು ಲೇನ್ ಬಿಟ್ಟಿದ್ದೀವಿ" ಅಂತ ಎಲ್ಲರಿಗೂ ಹೇಳಿಕೊಂಡಿದ್ದೆವು. ಬಿಟ್ಟಿದ್ದು ನಿಜ, ನಾವು ಕೂತ ಕಡೆ. ಆದರೆ ಮುಂದೆ ಒಂದು ಲೇನ್ ಖಾಲಿ ಕಂಡರೆ ಹಿಂದಿನವರೆಲ್ಲ ಅದಕ್ಕೇ ನುಗ್ಗುತ್ತಾರೆ. ಹತ್ತು ನಿಮಿಷದಲ್ಲಿ ಅದೂ ಭರ್ತಿ. ಲೇನ್ ನಿಜವಾಗಿ ಖಾಲಿ ಇರಬೇಕಾದರೆ ಜನ ನಿಲ್ಲಬೇಕಾದ್ದು ಸೇತುವೆ ಮೇಲಲ್ಲ, ಸೇತುವೆಗೆ ಹತ್ತೋ ಮುಂಚಿನ ಕೊನೇ ತಿರುವಿನಲ್ಲಿ. ಅಲ್ಲೇ ವಾಹನಗಳನ್ನು ಬೇರೆ ದಾರಿಗೆ ಕಳಿಸಬೇಕು, ಅದೂ ತಡೆ ಶುರುವಾಗೋ ಮೊದಲೇ. ನಾವು ಇದ್ದ ಜಾಕೆಟ್ಟಿನವರನ್ನೆಲ್ಲ ಕ್ಯಾಮೆರಾ ಇದ್ದ ಕಡೆ ನಿಲ್ಲಿಸಿದ್ದೆವು. ಸಂಜೆ ಸ್ಥಳೀಯ ಟಿವಿಯಲ್ಲಿ ಡಯಾಲಿಸಿಸ್‌ಗೆ ತಡವಾದ ಒಬ್ಬ ಹೆಂಗಸಿನ ಸುದ್ದಿ ಎರಡು ನಿಮಿಷ ಬಂತು. ಗಾಜಾ ಅನ್ನೋ ಹೆಸರು ಒಂದೇ ಸಲ. ಆ ವಾರ ನಗರಸಭೆಯ ಮುಂದಿದ್ದ ಕದನವಿರಾಮದ ನಿರ್ಣಯಕ್ಕೆ ಬೆಂಬಲ ಕೊಡೋಕೆ ಒಪ್ಪಿದ್ದ ಇಬ್ಬರು ಸದಸ್ಯರು ಹಿಂದೆ ಸರಿದರು, ವಿಷಯ ಕಾರ್ಯಸೂಚಿಯಿಂದಲೇ ಬಿತ್ತು. ಇಂಥ ನಿರ್ಣಯ ಎಷ್ಟು ಸಣ್ಣ ಅಂತರದಲ್ಲಿ ನಿಲ್ಲುತ್ತೆ ಅಂದ್ರೆ, ಷಿಕಾಗೋದಲ್ಲಿ 2024ರ ಜನವರಿ 31ರಂದು 23–23 ಸಮ ಆಗಿ, ಮೇಯರ್ ಬ್ರ್ಯಾಂಡನ್ ಜಾನ್ಸನ್ ಹಾಕಿದ ಮತದಿಂದ ಪಾಸಾಗಿದ್ದು. ನಾವು ಕಳಕೊಂಡಿದ್ದು ಎರಡು.

ನನ್ನ ಕತೆ ಅಷ್ಟೇ. ಸರಿಯಾಗಿ ಮಾಡಿದವರ ಕಡೆ ಬನ್ನಿ.

ಬುದ್ರುಸ್ ಅನ್ನೋದು ಇಸ್ರೇಲ್ ಆಕ್ರಮಿಸಿಕೊಂಡಿರೋ ಪಶ್ಚಿಮ ದಂಡೆಯಲ್ಲಿ, ರಮಲ್ಲಾದ ಪಶ್ಚಿಮಕ್ಕೆ, ಹಸಿರು ಗೆರೆಗೆ (1967ಕ್ಕೂ ಮೊದಲಿನ ಇಸ್ರೇಲಿನ ಗಡಿಗೆರೆ) ಅಂಟಿಕೊಂಡಿರೋ ಸಣ್ಣ ಹಳ್ಳಿ. 2003ರಲ್ಲಿ ಇಸ್ರೇಲ್ ಕಟ್ಟುತ್ತಿದ್ದ ತಡೆಗೋಡೆಯ ನಕ್ಷೆ ಅವರ ಸುಮಾರು 300 ಎಕರೆ ಜಮೀನು, 3,000 ಆಲಿವ್ ಮರಗಳ ಮೇಲೆ ಹಾದುಹೋಗ್ತಿತ್ತು. ಅಯೇದ್ ಮೊರ್ರಾರ್ ಅನ್ನುವವರು ಊರನ್ನು ಒಟ್ಟು ಮಾಡಿದರು. ಪ್ಯಾಲೆಸ್ತೀನಿಯರ ಎರಡು ಎದುರಾಳಿ ಪಕ್ಷಗಳೂ ಸೇರಿದವು: ಫತಾಹ್‌ನವರೂ ಬಂದರು, ಹಮಾಸ್‌ನವರೂ ಬಂದರು, ಆಮೇಲೆ ಇಸ್ರೇಲಿಗಳೂ ಬಂದು ಪಕ್ಕದಲ್ಲಿ ನಿಂತರು. ಸುಮಾರು ಹತ್ತು ತಿಂಗಳು, 55ರಷ್ಟು ಮೆರವಣಿಗೆ. ಅವರು ಹೆದ್ದಾರಿಗೆ ಹೋಗಲಿಲ್ಲ, ಬುಲ್ಡೋಜರ್ ಮುಂದೆ ಹೋದರು. ಮೊರ್ರಾರ್ ಅವರ ಮಗಳು ಇಲ್ತಿಜಾಮ್‌ಗೆ ಆಗ 15 ವರ್ಷ. ಯಂತ್ರ ತೋಡುತ್ತಿದ್ದ ಗುಂಡಿಗೇ ಇಳಿದುಬಿಟ್ಟಳು. ಆ ಚಾಲಕನ ಮುಂದೆ ಎರಡೇ ದಾರಿ: ಹುಡುಗಿ ಮೇಲೆ ಬಕೆಟ್ ಇಳಿಸಬೇಕು, ಇಲ್ಲ ಯಂತ್ರ ಹಿಂದಕ್ಕೆ ತಗೋಬೇಕು. ಹಿಂದಕ್ಕೆ ತಗೊಂಡ. ಕೊನೆಗೆ ಗೋಡೆಯ ದಾರಿ ಹಸಿರು ಗೆರೆಯ ಹತ್ತಿರಕ್ಕೆ ಸರಿಯಿತು, ತೋಟಗಳಲ್ಲಿ ಬಹುಪಾಲು ಊರಿಗೇ ಉಳಿದವು.

ಪಕ್ಕದ ಸೀಮೆಯ ಬಿಲ್ಇನ್ ಹಳ್ಳಿಯವರು 2005ರಿಂದ ಪ್ರತಿ ಶುಕ್ರವಾರ ಗೋಡೆ ಕಡೆ ನಡೆದರು, ಜೊತೆಗೇ ಕೋರ್ಟಿಗೂ ಹೋದರು. ಬೀದಿಯೂ ಕೋರ್ಟೂ ಒಟ್ಟಿಗೆ, ಇದು ಮುಖ್ಯ. 2007ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಆ ಭಾಗದ ಗೋಡೆಯ ದಾರಿ ಬದಲಿಸಿ ಅಂತ ಆದೇಶ ಕೊಟ್ಟಿತು. ಗೋಡೆ ನಿಜವಾಗಿ ಸರಿದಿದ್ದು 2011ರಲ್ಲಿ. ಆದೇಶ ಸಿಕ್ಕಮೇಲೂ ನಾಲ್ಕು ವರ್ಷ ಶುಕ್ರವಾರಗಳನ್ನು ಬಿಡಲಿಲ್ಲ ಅನ್ನೋದನ್ನು ಗಮನಿಸಿ. 2009ರ ಏಪ್ರಿಲ್‌ನಲ್ಲಿ ಅದೇ ಊರಿನ ಬಾಸೆಮ್ ಅಬು ರಹ್ಮಾ ಅಶ್ರುವಾಯು ಶೆಲ್ ಎದೆಗೆ ಬಡಿದು ಸತ್ತರು. ಅಹಿಂಸೆ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ.

ಇದು ಎಲ್ಲ ಕಡೆ ಕೆಲಸ ಮಾಡಲಿಲ್ಲ ಅನ್ನೋದನ್ನೂ ಹೇಳಬೇಕು. 1989ರಲ್ಲಿ ಪಶ್ಚಿಮ ದಂಡೆಯ ಬೇತ್ ಸಹೂರ್ ಪಟ್ಟಣದವರು ತಮ್ಮನ್ನು ಆಕ್ರಮಿಸಿಕೊಂಡಿದ್ದ ಇಸ್ರೇಲಿ ಆಡಳಿತಕ್ಕೆ ತೆರಿಗೆ ಕಟ್ಟಲ್ಲ ಅಂತ ನಿಂತರು. ಸೇನೆ ಸುಮಾರು ಆರು ವಾರ ಊರನ್ನು ಸುತ್ತುಗಟ್ಟಿ, ಮನೆಯೊಳಗಿನ ಫ್ರಿಜ್ಜು, ಅಂಗಡಿಯ ಸಾಮಾನು, ಕಾರ್ಖಾನೆಯ ಯಂತ್ರ ಎಲ್ಲ ಜಪ್ತಿ ಮಾಡಿಕೊಂಡು ಹೋಯಿತು. (ಇದಕ್ಕೂ ಮೊದಲು ಅದೇ ಊರಿನವರು ಇಸ್ರೇಲಿ ಹಾಲು ಬೇಡ ಅಂತ ಇಸ್ರೇಲಿನ ಒಂದು ಸಾಮೂಹಿಕ ಕೃಷಿ ಹಳ್ಳಿ, ಅಂದ್ರೆ ಕಿಬ್ಬುಟ್ಸ್‌ನಿಂದಲೇ 18 ಹಸು ತಂದು ಸಾಕಿದ್ದರು. ಸೇನೆ ಆ ಹಸುಗಳನ್ನೂ ಭದ್ರತೆಗೆ ಅಪಾಯ ಅಂತ ಹುಡುಕಿಕೊಂಡು ಅಲೆಯಿತು.) ಗಾಜಾದ ಬೇಲಿ ಹತ್ತಿರ 2018ರ ಮಾರ್ಚ್ 30ರಂದು ಶುರುವಾದ, ಹಿಂದೆ ಬಿಟ್ಟುಬಂದ ಊರುಗಳಿಗೆ ಮರಳೋ ಹಕ್ಕು ಕೇಳಿದ ಮೆರವಣಿಗೆಗಳಿಗೆ ಸಿಕ್ಕಿದ್ದು ಗುಂಡು. 200ಕ್ಕೂ ಹೆಚ್ಚು ಜನ ಸತ್ತರು. ಬುದ್ರುಸ್‌ನಲ್ಲಿ ಸೈನಿಕನಿಗೂ ಹುಡುಗಿಗೂ ಮಧ್ಯೆ ಇದ್ದದ್ದು ಒಂದು ಗುಂಡಿಯ ಅಂತರ, ಜೊತೆಯಲ್ಲಿ ಹೀಬ್ರೂ ಮಾತಾಡುವವರಿದ್ದರು. ಗಾಜಾದಲ್ಲಿ ನಡುವೆ ಬೇಲಿ, ನೂರಾರು ಮೀಟರ್ ದೂರ, ದುರ್ಬೀನು ಹಾಕಿದ ಬಂದೂಕು. ಮುಖ ಕಾಣದ ದೂರದಲ್ಲಿ ಈ ಲೆಕ್ಕ ಬೇರೆಯೇ ಆಗುತ್ತೆ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ. "ಅಡ್ಡಿಪಡಿಸೋ ಪ್ರತಿಭಟನೆ ಶಾಂತಿ ತರುತ್ತಾ" ಅನ್ನೋದೇ ಸರಿಯಾದ ಪ್ರಶ್ನೆ ಅಲ್ಲ. ಅಡ್ಡಿಪಡಿಸೋದು ಸಲಿಕೆ ಇದ್ದ ಹಾಗೆ, ಯಾರ ಕೈಗೆ ಸಿಕ್ಕರೂ ಅಗೆಯುತ್ತೆ. 1995ರ ಆಗಸ್ಟ್ 8ರಂದು ಇಸ್ರೇಲಿನಲ್ಲಿ ಸುಮಾರು 80 ವೃತ್ತಗಳನ್ನು ಒಂದೇ ದಿನ ತಡೆದದ್ದು 'ಜೋ ಆರ್ಟ್ಸೆನು' ಎಂಬ ಬಲಪಂಥೀಯ ಚಳವಳಿ, ಪ್ಯಾಲೆಸ್ತೀನಿಯರ ಜೊತೆಗಿನ ಓಸ್ಲೋ ಶಾಂತಿ ಒಪ್ಪಂದವನ್ನು ನಿಲ್ಲಿಸೋಕೆ. ಮೂರು ತಿಂಗಳೊಳಗೆ, ನವೆಂಬರ್ 4ರಂದು, ಟೆಲ್ ಅವೀವ್‌ನ ಶಾಂತಿ ಸಮಾವೇಶ ಮುಗಿಸಿ ಇಳಿಯುತ್ತಿದ್ದ, ಆ ಒಪ್ಪಂದ ಮಾಡಿಕೊಂಡಿದ್ದ ಪ್ರಧಾನಿ ರಾಬಿನ್ ಅವರನ್ನು ಒಬ್ಬ ಯಹೂದಿ ಉಗ್ರ ಗುಂಡಿಟ್ಟು ಕೊಂದ. 2024ರ ಮೇ 13ರಂದು ಪಶ್ಚಿಮ ದಂಡೆಯ ತರ್ಕೂಮಿಯಾ ತಪಾಸಣಾ ಠಾಣೆಯಲ್ಲಿ ಇಸ್ರೇಲಿ ಬಲಪಂಥೀಯರು ಗಾಜಾಕ್ಕೆ ನೆರವು ಹೊತ್ತು ಹೊರಟ ಲಾರಿಗಳನ್ನು ತಡೆದು ಆಹಾರದ ಪೊಟ್ಟಣಗಳನ್ನು ರಸ್ತೆಗೆ ಚೆಲ್ಲಿದ್ದೂ ಪ್ರತಿಭಟನೆಯೇ. ಅದಾದ ಮೇಲೆ ಯಹೂದಿ–ಅರಬ್ ಜಂಟಿ ಸಂಘಟನೆ 'ಸ್ಟ್ಯಾಂಡಿಂಗ್ ಟುಗೆದರ್'ನವರು ಅದೇ ಜಾಗದಲ್ಲಿ ನೇರಳೆ ಅಂಗಿ ಹಾಕಿಕೊಂಡು ಲಾರಿಗಳಿಗೆ ಕಾವಲು ನಿಂತರು. ಶಾಂತಿ ಕಡೆಯವರು ಅವತ್ತು ರಸ್ತೆ ತೆರೆಸುವವರು, ತಡೆಯುವವರಲ್ಲ.

2023ರ ಮಾರ್ಚ್ 26ರ ರಾತ್ರಿ ಟೆಲ್ ಅವೀವ್‌ನ ಅಯಲೋನ್ ಹೆದ್ದಾರಿ ಪ್ರತಿಭಟನಕಾರರಿಂದ ತುಂಬಿತು, ಮರುದಿನ ಹಿಸ್ತದ್ರುತ್ ಕಾರ್ಮಿಕ ಒಕ್ಕೂಟ ಮುಷ್ಕರ ಕರೆಯಿತು, ಬೆನ್ ಗುರಿಯನ್‌ನಿಂದ ಹೊರಡೋ ವಿಮಾನ ನಿಂತವು, ಅವತ್ತೇ ಸಂಜೆ ಪ್ರಧಾನಿ ನೆತನ್ಯಾಹು ಕೋರ್ಟುಗಳ ಅಧಿಕಾರ ಮೊಟಕು ಮಾಡೋ ಮಸೂದೆಗಳನ್ನು ತಡೆಹಿಡಿದರು. ತಡೆದವರು ಅದೇ ದೇಶದ ಮತದಾರರು, ನಿಂತಿದ್ದು ಅದೇ ಸರ್ಕಾರದ ವಿಮಾನ ನಿಲ್ದಾಣ. ಇಲ್ಲೂ ಮಂಡ್ಯದ ಹಗ್ಗವೇ. ಅದೇ ಮೆರವಣಿಗೆಗಳಲ್ಲಿ ಪ್ಯಾಲೆಸ್ತೀನಿ ನೆಲವನ್ನು ಇಸ್ರೇಲ್ ಆಕ್ರಮಿಸಿಕೊಂಡಿರೋ ಬಗ್ಗೆ ಮಾತಾಡಿದ ಗುಂಪು ಒಂದು ಮೂಲೆಯಲ್ಲಿತ್ತು ಅನ್ನೋದು ಬೇರೆ ಕತೆ.

ದೂರದಲ್ಲಿರುವವರಿಗೆ ಹಗ್ಗವೇ ಇಲ್ಲ ಅಂತಲ್ಲ, ಹುಡುಕಬೇಕು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿಗಳು 2024ರ ಮೇ ತಿಂಗಳಲ್ಲಿ ಊರಿನ ರಸ್ತೆ ಮುಟ್ಟಲಿಲ್ಲ. ಪ್ರವಾಸಿಗರು ದುಡ್ಡು ಕೊಟ್ಟು ನೋಡೋ 'ಬುಕ್ ಆಫ್ ಕೆಲ್ಸ್' ಹಸ್ತಪ್ರತಿಯ ಬಾಗಿಲಿಗೆ ಅಡ್ಡ ಕೂತರು. ಕಾಲೇಜಿಗೆ ಪ್ರತಿದಿನ ಆದಾಯ ಖೋತಾ. ಬೇಡಿಕೆಯೂ ಕಾಲೇಜಿನ ಕೈಯಲ್ಲೇ ಇತ್ತು: ಆಕ್ರಮಿತ ಪ್ರದೇಶದ ವಸಾಹತುಗಳಲ್ಲಿ ವ್ಯವಹಾರ ಮಾಡೋರು ಅಂತ ವಿಶ್ವಸಂಸ್ಥೆ ಪಟ್ಟಿ ಮಾಡಿರೋ ಇಸ್ರೇಲಿ ಕಂಪನಿಗಳಿಂದ ಹೂಡಿಕೆ ತೆಗೀರಿ. ಒಂದು ವಾರದೊಳಗೆ ಒಪ್ಪಂದ ಆಯ್ತು. 2025ರ ಜೂನ್‌ನಲ್ಲಿ ಫ್ರಾನ್ಸಿನ ಫೋಸ್ ಬಂದರಿನ ಕಾರ್ಮಿಕರು ಇಸ್ರೇಲಿಗೆ ಹೊರಟಿದ್ದ ಮಷಿನ್‌ಗನ್ ಬಿಡಿಭಾಗದ ಪೆಟ್ಟಿಗೆಗಳನ್ನು ಮಾತ್ರ ಬದಿಗಿಟ್ಟು, ಉಳಿದ ಸರಕನ್ನು ಹಡಗಿಗೆ ಹಾಕಿದರು. ನಮ್ಮ ದೇಶದ 11 ದೊಡ್ಡ ಬಂದರುಗಳಲ್ಲಿ ಸದಸ್ಯರಿರೋ ಜಲಸಾರಿಗೆ ಕಾರ್ಮಿಕರ ಒಕ್ಕೂಟ ಕೂಡ 2024ರ ಫೆಬ್ರುವರಿಯಲ್ಲಿ ಇಸ್ರೇಲಿನ ಶಸ್ತ್ರಾಸ್ತ್ರ ಸರಕು ಮುಟ್ಟಲ್ಲ ಅಂತ ಹೇಳಿತ್ತು.

ವೀಸಾ ವಿಷಯಕ್ಕೆ ನನ್ನ ಉತ್ತರ ಒರಟು: ಕೂರಬೇಡಿ. ಬಂಧನ ಆದರೆ, ಕೇಸು ಬಿದ್ದುಹೋದರೂ, ಮುಂದಿನ ಸಲ ಡಿಎಸ್-160 ವೀಸಾ ಅರ್ಜಿಯಲ್ಲಿ "ಎಂದಾದರೂ ಬಂಧನಕ್ಕೊಳಗಾಗಿದ್ದೀರಾ" ಅನ್ನೋ ಪ್ರಶ್ನೆಗೆ ಹೌದು ಅಂತಲೇ ಬರೀಬೇಕು. ವೀಸಾ ರದ್ದಾಗೋಕೆ ಶಿಕ್ಷೆ ಆಗಬೇಕಾಗಿಲ್ಲ, ಬಂಧನವೇ ಸಾಕಾಗಬಹುದು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನು 2024ರ ಏಪ್ರಿಲ್ 15ರಂದು ತಡೆದ 26 ಜನರ ಮೇಲೆ ಆಗಸ್ಟ್‌ನಲ್ಲಿ ಕೇಸು ಹಾಕಿದರು. ಅದರಲ್ಲಿ ರಸ್ತೆ ತಡೆ ಮಾತ್ರ ಅಲ್ಲ, ಕಾರಿನಲ್ಲಿ ಸಿಕ್ಕಿಬಿದ್ದವರನ್ನು ಅಕ್ರಮವಾಗಿ ಕೂಡಿಹಾಕಿದ ಆರೋಪವೂ ಇತ್ತು, ಸಿಕ್ಕಿಬಿದ್ದವರು ಮುಂದೆ ಬನ್ನಿ ಅಂತ ಸರ್ಕಾರಿ ವಕೀಲರೇ ಕರೆದಿದ್ದರು. 2025ರ ಮಾರ್ಚ್‌ನಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ರುಮೇಸಾ ಓಜ್ತುರ್ಕ್ ಅವರನ್ನು ವಲಸೆ ಅಧಿಕಾರಿಗಳು ಬೀದಿಯಲ್ಲೇ ಹಿಡಿದುಕೊಂಡು ಹೋದಾಗ ಎದ್ದು ಕಂಡ ಕಾರಣ ಅವರು ಸಹಪಾಠಿಗಳ ಜೊತೆ ಗಾಜಾ ವಿಷಯದಲ್ಲಿ ಬರೆದ ಒಂದು ಲೇಖನ. ಅಂದ್ರೆ ಬರೆಯೋದರಲ್ಲೂ ಅಪಾಯ ಇದೆ. ಆದರೆ ಬರಹದ ಪರ ಕೋರ್ಟಿನಲ್ಲಿ ವಾದ ಮಾಡಬಹುದು, ಸೇತುವೆ ಮೇಲೆ ಕೂತಿದ್ದಕ್ಕೆ ವಕೀಲರ ಕೈ ಕಟ್ಟಿಹಾಕಿದ ಹಾಗೆ.

ನಿಮ್ಮ ಗುಂಪಿನ ಅಮೆರಿಕದ ಪೌರರು ಹೇಗೂ ಕೂತೇ ಕೂರ್ತಾರೆ ಅಂದ್ರೆ, ಅವರಿಗೆ ಇಷ್ಟು ಹೇಳಿ. ಬ್ಯಾನರಿಗೆ ಒಂದೇ ಬೇಡಿಕೆ, ಐದು ಪದದೊಳಗೆ. ಮುಗಿಸೋ ಹೊತ್ತು ಮೊದಲೇ ಗೊತ್ತಿರಲಿ. ಪೊಲೀಸರ ಜೊತೆ ಮಾತಾಡೋಕೆ ಒಬ್ಬರೇ ಇರಲಿ, ಅವರು ಕೂರುವವರಲ್ಲಿ ಒಬ್ಬರಾಗಿರಬಾರದು. ವಕೀಲರ ನಂಬರ್ ಫೋನಿನಲ್ಲಲ್ಲ, ಮಾರ್ಕರಿನಲ್ಲಿ ತೋಳಿನ ಮೇಲೆ, ಯಾಕಂದ್ರೆ ಫೋನ್ ಮೊದಲು ಹೋಗುತ್ತೆ. ಪೈಪಿನೊಳಗೆ ಕೈ ತೂರಿಸಿ ಬೀಗ ಹಾಕಿಕೊಳ್ಳೋ ಐಡಿಯಾ ಯಾರಾದರೂ ತಂದರೆ ಬೇಡ ಅನ್ನಿ, ಆಂಬುಲೆನ್ಸ್ ಬಂದಾಗ ಬೇಗ ಏಳೋಕೆ ಆಗಲ್ಲ. ಘೋಷಣೆಗಳನ್ನು ಹಿಂದಿನ ರಾತ್ರಿಯೇ ಬರೆದು ಒಪ್ಪಿಕೊಳ್ಳಿ, ಮೈಕ್ ಒಬ್ಬರ ಕೈಲಿರಲಿ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸತ್ತ ಸುಮಾರು 1,200 ಜನರನ್ನು ಹೀಯಾಳಿಸೋ ಒಂದೇ ಒಂದು ಕೂಗು ಸಾಕು, ಗಾಜಾದಲ್ಲಿ ಸತ್ತ ಹತ್ತಾರು ಸಾವಿರ ಜನರ ಮಾತು ಯಾರ ಕಿವಿಗೂ ಬೀಳಲ್ಲ.

ಶಾಂತಿ ಬಗ್ಗೆಯೇ ನಿಮ್ಮ ಆಸಕ್ತಿ ಅಂದ್ರೆ, ಅದನ್ನು ಮಾಡ್ತಿರೋ ಜನ ಬೇರೆ ಇದ್ದಾರೆ. ಹಮಾಸ್ ಕೊಂದ ಮಗನ ತಂದೆ ಯಿತ್ಸಾಕ್ ಫ್ರಾಂಕೆಂಥಲ್ 1995ರಲ್ಲಿ ಶುರು ಮಾಡಿದ 'ಪೇರೆಂಟ್ಸ್ ಸರ್ಕಲ್'ನಲ್ಲಿ ಎರಡೂ ಕಡೆ ಮಕ್ಕಳನ್ನು ಕಳಕೊಂಡವರಿದ್ದಾರೆ. ಅವರೂ, ಎರಡೂ ಕಡೆಯ ಮಾಜಿ ಹೋರಾಟಗಾರರ ಸಂಘಟನೆ 'ಕಂಬಾಟಂಟ್ಸ್ ಫಾರ್ ಪೀಸ್'ನವರೂ ಸೇರಿ ಪ್ರತಿವರ್ಷ ಇಸ್ರೇಲಿನ ಸೈನಿಕರ ಸ್ಮರಣೆಯ ದಿನಕ್ಕೆ ಹೊಂದಿಸಿ ಇಬ್ಬರ ಸಾವನ್ನೂ ಒಂದೇ ವೇದಿಕೆಯಲ್ಲಿ ನೆನೆಯುತ್ತಾರೆ. ಅದನ್ನು ಆನ್‌ಲೈನಿನಲ್ಲಿ ಬೇರೆ ಊರುಗಳಲ್ಲೂ ಜನ ಒಟ್ಟಿಗೆ ಕೂತು ನೋಡ್ತಾರೆ. ಒಂದು ಕ್ಲಾಸ್‌ರೂಮ್, ಒಂದು ಪ್ರೊಜೆಕ್ಟರ್ ಸಾಕು. ಟಿವಿಯವರು ಬರಲ್ಲ, ಅದಕ್ಕೇ ನಿಮ್ಮ ಗುಂಪಿನಲ್ಲಿ ಯಾರಿಗೂ ಇದು ಬೇಡವಾಗಿರುತ್ತೆ.

ಬರೋ ವಾರದ ಮೀಟಿಂಗಿಗೆ ಹೋಗಿ, ಆದರೆ ನಿಮ್ಮ ವಿಶ್ವವಿದ್ಯಾಲಯದ ದತ್ತಿ ನಿಧಿಯ ಹೂಡಿಕೆ ಬಗ್ಗೆ ಬಹಿರಂಗವಾಗಿ ಸಿಗೋದನ್ನೆಲ್ಲ ಪ್ರಿಂಟ್ ಹಾಕಿಕೊಂಡು ಹೋಗಿ. ಅದನ್ನು ಬದಲಿಸೋ ಸಮಿತಿಯ ಸಭೆ ಯಾವತ್ತು, ಅದರ ಅಧ್ಯಕ್ಷರು ಯಾರು ಅಂತ ಕೇಳಿ. ಯಾರಿಗೂ ಗೊತ್ತಿಲ್ಲ ಅಂದ್ರೆ ಸೇತುವೆ ವಿಷಯ ಅವತ್ತಿಗೆ ಬಿಡಿ, ಮೊದಲು ಆ ಹೆಸರು ಹುಡುಕಿ.