ಎದ್ದು ಎಲ್ಲಿಗೆ ಹೋಗುತ್ತಿದ್ದರು?

ಪ್ರಶ್ನೆ: ಅಪ್ಪ ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ. ವರ್ಷಾಂತಿಕದ ದಿನ ನೆಂಟರ ಎದುರು ಎರಡು ಪುಟ ಬರೆದು ಓದುವ ಕೆಲಸ ನನ್ನ ತಲೆಗೆ ಬಂದಿದೆ. ಅಪ್ಪ 1967ರಲ್ಲಿ ಮಿಲಿಟರಿಗೆ ಸೇರಿದರು. ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು 1984ರಲ್ಲಿ, ಅಂದರೆ ಕಾಸರಗೋಡು ಜಿಲ್ಲೆಯಾದ ವರ್ಷವೇ, ಊರಿಗೆ ಬಂದರು. ಯುದ್ಧದ ಬಗ್ಗೆ ಕೇಳಿದರೆ "ಅದೆಲ್ಲ ಈಗ ಎಂತಕ್ಕೆ" ಅಂತ ಎದ್ದು ಹೋಗುತ್ತಿದ್ದರು. ನನಗೆ ಗೊತ್ತಿರುವುದು ಬೆಳಗ್ಗಿನ ಜಾವ ನಮ್ಮನ್ನು ಎಬ್ಬಿಸಿ ಪೊಸಡಿ ಗುಂಪೆ ಗುಡ್ಡ ಹತ್ತಿಸುತ್ತಿದ್ದ, ಪಯಸ್ವಿನಿಯಲ್ಲಿ ಈಜು ಕಲಿಸಿದ, ಯಾರ ತೋಟದಲ್ಲಿ ಸುರಂಗ ತೋಡಿದರೂ ಒಳಗೆ ಹೊಕ್ಕು ನೋಡಿ ಬರುತ್ತಿದ್ದ ಅಪ್ಪ ಮಾತ್ರ. ಅಣ್ಣ ಫ್ಲೆಕ್ಸ್‌ನಲ್ಲಿ 'ವೀರಯೋಧ' ಅಂತ ಹಾಕಿಸುತ್ತಿದ್ದಾನೆ. ನಾನು ಎಂತ ಬರೆಯಲಿ?
– ಓದುಗಿ, ಬದಿಯಡ್ಕ

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಬರೆದಾಗಿದೆ. ಸ್ಯಾಪರ್ ಅಂದರೆ ಸೈನ್ಯಕ್ಕೆ ದಾರಿ ಮಾಡಿಕೊಡುವವರು. ಹೊಳೆಗೆ ಸೇತುವೆ ಹಾಕುವುದು, ರಸ್ತೆ ಕಡಿಯುವುದು, ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯುವುದು ಎಲ್ಲ ಅವರ ಕೆಲಸ. ಹದಿನೇಳು ವರ್ಷ ಅಂಥವರ ಜೊತೆ ಇದ್ದು ಬಂದ ಮನುಷ್ಯ, ಪಕ್ಕದ ತೋಟದಲ್ಲಿ ಮುರಕಲ್ಲು ಕೊರೆಯುವ ಸದ್ದು ಕೇಳಿದರೆ ಸುಮ್ನೆ ಕೂರುತ್ತಾರಾ?

ಸುರಂಗ ಅಂದರೆ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ಬಾವಿ ಅಂತ ಬೆಂಗಳೂರಿನ ನೆಂಟರಿಗೆ ಒಂದು ಸಾಲು ಹೇಳಿಬಿಡಿ. ತೋಡುವವರು ಒಳಗೆ ಕ್ಯಾಂಡಲ್ ಉರಿಸಿಕೊಳ್ಳುತ್ತಾರೆ, ಅದು ನಂದಿದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಅಪ್ಪ ಹೇಗೆ ಬಗ್ಗಿ ಹೋಗುತ್ತಿದ್ದರು, ತಲೆಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು ಹೊರಗೆ ಬಂದ ಮೇಲೆ ಮೊದಲ ಮಾತು ಯಾವುದು, ಅಮ್ಮ ಎಷ್ಟು ಬೈಯುತ್ತಿದ್ದರು, ಅದನ್ನು ಬರೆಯಿರಿ.

ಇನ್ನು ಮಿಲಿಟರಿ ವಿಷಯ. ಟ್ರಂಕ್ ತೆಗೆದು ಡಿಸ್ಚಾರ್ಜ್ ಬುಕ್ ಹುಡುಕಿ. ಸೇರಿದ ದಿನ, ಬಿಟ್ಟ ದಿನ, ರ‍್ಯಾಂಕ್, ಪದಕ ಅದರಲ್ಲಿರುತ್ತದೆ. ಪೂರ್ವಿ ಸ್ಟಾರ್ ಇದ್ದರೆ 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಅಪ್ಪ ಈಗಿನ ಬಾಂಗ್ಲಾದೇಶದ ಕಡೆ ಇದ್ದರು, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ ಗಡಿಯಲ್ಲಿ. ಸಂಗ್ರಾಮ್ ಮೆಡಲ್ ಆಗ ಸೇವೆಯಲ್ಲಿದ್ದವರಿಗೆಲ್ಲ ಕೊಟ್ಟದ್ದು, ಅದೊಂದನ್ನೇ ಹಿಡಿದು ಶೌರ್ಯದ ಕತೆ ಕಟ್ಟಬೇಡಿ. ನಮ್ಮ ಮನೆಯಲ್ಲಿ ಮಾವನ ಮೆಡಲ್ ಇಪ್ಪತ್ತು ವರ್ಷ ಗೋಡೆಯ ಮೇಲಿತ್ತು. ಅತ್ತೆ ಒಮ್ಮೆ ದೀಪದ ಜೊತೆ ಅದಕ್ಕೂ ಹುಣಸೆಹುಳಿ ಹಾಕಿ ಉಜ್ಜಿದಾಗ ಅಂಚಿನಲ್ಲಿ ಮಾವನ ನಂಬರ್ ಮತ್ತು ಹೆಸರು ಕೊರೆದದ್ದು ಕಂಡಿತು! ಅಷ್ಟು ವರ್ಷ ಯಾರೂ ತಿರುಗಿಸಿ ನೋಡಿರಲಿಲ್ಲ. (ನೀವು ಹುಳಿ ಹಾಕಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.)

ಫ್ಲೆಕ್ಸ್ ವಿಷಯಕ್ಕೆ ಅಣ್ಣನ ಹತ್ತಿರ ಜಗಳ ಬೇಡ. ಆ ಮಾತು ನನಗೂ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಆದರೆ ಅವನ ದುಃಖ ಅವನದು. ಯೂನಿಫಾರ್ಮ್ ಫೋಟೋದ ಪಕ್ಕದಲ್ಲಿ ಗುಂಪೆಯ ತುದಿಯಲ್ಲಿ ಮುಂಡು ಎತ್ತಿ ಕಟ್ಟಿ ನಿಂತದ್ದೂ ಒಂದಿರಲಿ ಅಂತ ಕೇಳಿ ನೋಡಿ.

ಅಪ್ಪ ಹೇಳದೇ ಇದ್ದದ್ದನ್ನು ಊಹಿಸಿ ತುಂಬಿಸಬೇಡಿ, ಹೇಳಲಿಲ್ಲ ಅಂತಲೇ ಬರೆಯಿರಿ. ಯುದ್ಧದ ಮಾತು ಬಂದರೆ ಎದ್ದು ಹೋಗುತ್ತಿದ್ದರು ಅಂದಿರಲ್ಲ, ಎದ್ದು ಎಲ್ಲಿಗೆ ಹೋಗುತ್ತಿದ್ದರು? ತೋಟಕ್ಕಾ, ಗುಡ್ಡಕ್ಕಾ, ಹೊಳೆ ಬದಿಗಾ? ಮೊದಲ ಸಾಲು ಅದೇ ಆಗಲಿ.