ಅಂಕಿಗೂ ಒಂದು ತಾರೀಖು, ಒಂದು ವಿಳಾಸ: ರೋಗ ಸರ್ವೇಕ್ಷಣೆಯ ದತ್ತಾಂಶ ಕೆಲಸ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಾನ್ಯರೇ, ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಜಿಲ್ಲಾ ಸರ್ವೇಕ್ಷಣಾ ಘಟಕವೊಂದರಲ್ಲಿ ಗುತ್ತಿಗೆ ಆಧಾರದ ಡೇಟಾ ಮ್ಯಾನೇಜರ್ ಹುದ್ದೆಗೆ ಸಂದರ್ಶನದ ಕರೆ ಬಂದಿದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ದತ್ತಾಂಶ ವಿಶ್ಲೇಷಕನಾಗಿರುವ ನನ್ನ ಅಣ್ಣ, ಅದು ಬರೀ ಟೈಪಿಂಗ್ ಕೆಲಸ, ಸೇರಿದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ ಎನ್ನುತ್ತಾನೆ. ಅಲ್ಲಿ ನಿಜವಾಗಿ ಮಾಡಬೇಕಾದ ಕೆಲಸ ಯಾವುದು?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಅಣ್ಣನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಘಟಕದಲ್ಲಿ ಡೇಟಾ ಎಂಟ್ರಿ ಆಪರೇಟರ್ ಹುದ್ದೆ ಖಾಲಿಯಿದ್ದರೆ ಆ ಹೊರೆಯೂ ನಿಮ್ಮ ಹೆಗಲಿಗೇ ಬೀಳುತ್ತದೆ. ಸಂಬಳದ ಲೆಕ್ಕದಲ್ಲಂತೂ ಅವರೇ ಗೆಲ್ಲುತ್ತಾರೆ. ಆದರೆ ಕಲಿತದ್ದು ಮರೆತುಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಯಾವ ರೋಗ ಎಲ್ಲಿ ಎಷ್ಟು ಕಾಣಿಸಿಕೊಂಡಿದೆ ಎಂದು ಗಮನವಿಡಲು 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ, ಅಂದರೆ ಎಲ್ಲರೂ ಐಡಿಎಸ್‌ಪಿ ಎಂದು ಕರೆಯುವ ಯೋಜನೆಯಲ್ಲಿ, ಮಾಹಿತಿ ಮೂರು ನಮೂನೆಗಳಲ್ಲಿ ಬರುತ್ತದೆ. ಕ್ಷೇತ್ರದ ಆರೋಗ್ಯ ಸಿಬ್ಬಂದಿ ಜ್ವರ, ಕೆಮ್ಮು, ವಾಂತಿ-ಭೇದಿ ಮುಂತಾದ ಲಕ್ಷಣಗಳನ್ನಷ್ಟೇ ನೋಡಿ ತುಂಬುವುದು ‘ಎಸ್’ ನಮೂನೆ, ವೈದ್ಯರು ರೋಗಿಯನ್ನು ಪರೀಕ್ಷಿಸಿ ಇಂಥ ರೋಗವಿರಬಹುದು ಎಂದು ತುಂಬುವುದು ‘ಪಿ’ ನಮೂನೆ, ಪ್ರಯೋಗಾಲಯ ಖಚಿತಪಡಿಸಿ ತುಂಬುವುದು ‘ಎಲ್’ ನಮೂನೆ. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಒಟ್ಟು ಸಂಖ್ಯೆಗಳಾಗಿ ಬರುತ್ತಿದ್ದ ಈ ವರದಿ, ಐಎಚ್‌ಐಪಿ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ರೋಗಿವಾರು ಬರತೊಡಗಿತು. 2018ರ ನವೆಂಬರ್‌ನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಮೊದಲಾದ ಈ ವ್ಯವಸ್ಥೆ 2021ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ವಿಶ್ಲೇಷಕನಿಗೆ ಇದರಿಂದ ಸಿಕ್ಕ ದೊಡ್ಡ ಅನುಕೂಲವೆಂದರೆ ಪ್ರತಿ ರೋಗಿಗೂ ಒಂದೊಂದು ಸಾಲು, ಪ್ರತಿ ಸಾಲಿಗೂ ಒಂದು ತಾರೀಖು ಮತ್ತು ಒಂದು ವಿಳಾಸ.

ಆ ತಾರೀಖಿನಲ್ಲೇ ಕೆಲಸದ ಕಷ್ಟ ಅಡಗಿದೆ. ಒಂದು ಕಲ್ಪಿತ ಊರನ್ನು ತೆಗೆದುಕೊಳ್ಳಿ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾಂತಿ-ಭೇದಿಯೆಂದು ಶನಿವಾರ ಒಬ್ಬರು ಬಂದರು, ಭಾನುವಾರ ಯಾರೂ ಬರಲಿಲ್ಲ, ಸೋಮವಾರ ಒಮ್ಮೆಲೇ 14 ಜನ ಬಂದರು. ವರದಿಯಾದ ತಾರೀಖನ್ನೇ ಇಟ್ಟುಕೊಂಡು ರೇಖಾನಕ್ಷೆ ಬರೆದರೆ ರೋಗ ಸೋಮವಾರ ಸ್ಫೋಟಿಸಿದಂತೆ ಕಾಣುತ್ತದೆ. ಲೈನ್ ಲಿಸ್ಟ್, ಅಂದರೆ ರೋಗಿಗೊಂದು ಸಾಲಿರುವ ಆ ಪಟ್ಟಿಯನ್ನು ತೆರೆದು, ಮೊದಲ ಬಾರಿ ಭೇದಿ ಶುರುವಾದದ್ದು ಯಾವಾಗ ಎಂಬ ಅಂಕಣದ ಪ್ರಕಾರ ಅದೇ 14 ಜನರನ್ನು ಮತ್ತೆ ಜೋಡಿಸಿದಾಗ ಶನಿವಾರ ಐವರು, ಭಾನುವಾರ ಎಂಟು ಮಂದಿ, ಸೋಮವಾರ ಒಬ್ಬರೇ ಒಬ್ಬರು ಎಂದಾಗುತ್ತದೆ. ಸೋಮವಾರದ ಏರಿಕೆಗೆ ಭಾನುವಾರ ಹೊರರೋಗಿ ವಿಭಾಗ ಮುಚ್ಚಿದ್ದುದಷ್ಟೇ ಕಾರಣ. ಇದು ಕಾಲರಾ ಇರಬಹುದೆಂಬ ಅನುಮಾನವಿದೆ ಎಂದಿಟ್ಟುಕೊಳ್ಳಿ. ಕಾಲರಾ ಸೋಂಕು ತಗುಲಿದ ಕೆಲವೇ ಗಂಟೆಗಳಿಂದ ಐದು ದಿನಗಳೊಳಗೆ ಲಕ್ಷಣ ತೋರಿಸುವ ರೋಗವಾದ್ದರಿಂದ, ಊರಿನಲ್ಲಿ ಭಾನುವಾರದ ಊಟದ ಬಗ್ಗೆ ವಿಚಾರಿಸುತ್ತ ಕೂರುವ ಬದಲು ವಾರದ ಮಧ್ಯದಿಂದೀಚೆಗೆ ನೀರಿನ ವ್ಯವಸ್ಥೆಯಲ್ಲಿ ಏನಾಯಿತು ಎಂದು ವಿಚಾರಿಸಬೇಕಾಗುತ್ತದೆ. ಇನ್ನು ವಿಳಾಸದ ಅಂಕಣ. 14ರಲ್ಲಿ 11 ಮಂದಿ ಒಂದೇ ಕೇರಿಯವರಾಗಿದ್ದು ಆ ಕೇರಿಗೆ ಬೇರೆಯೇ ಕಿರು ನೀರು ಸರಬರಾಜು ಟ್ಯಾಂಕ್ ಇದ್ದರೆ, ಮುಂದಿನ ಫೋನ್ ಕರೆ ಹೋಗಬೇಕಾದದ್ದು ನೀರುಗಂಟಿಗೆ: ಪೈಪು ಒಡೆದದ್ದು ಯಾವತ್ತು, ಚರಂಡಿಯ ಪಕ್ಕದಲ್ಲೇ ಹಾದುಹೋಗಿದೆಯೇ, ಕ್ಲೋರಿನ್ ಪುಡಿ ಹಾಕಿ ಎಷ್ಟು ದಿನವಾಯಿತು? ಆದರೆ ಊರಿನ ಮುಕ್ಕಾಲು ಪಾಲು ಜನ ಆ ಕೇರಿಯಲ್ಲೇ ಇದ್ದರೆ 11 ಎಂಬ ಸಂಖ್ಯೆಗೆ ಏನೂ ಅರ್ಥವಿಲ್ಲ. ಆದ್ದರಿಂದ ಕೇರಿಯ ಮನೆಗಳ ಲೆಕ್ಕವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ಪಡೆಯುವವರೆಗೆ ಟ್ಯಾಂಕ್‌ನ ಮೇಲೆ ಆರೋಪ ಹೊರಿಸುವಂತಿಲ್ಲ. ಅನುಪಾತ, ಹರವು, ಪೂರ್ವಗ್ರಹ ಎಂದು ನೀವು ತರಗತಿಯಲ್ಲಿ ಓದಿದ್ದೆಲ್ಲವೂ ಇಷ್ಟರಲ್ಲೇ ಬಂದುಹೋಯಿತು.

ಇನ್ನೊಂದು ತೊಡಕು ಸೊನ್ನೆಯದು. ಒಂದು ಉಪಕೇಂದ್ರದಿಂದ ಈ ವಾರ ಜ್ವರದ ಪ್ರಕರಣ ಸೊನ್ನೆ ಎಂದು ಬಂದರೆ, ಜ್ವರವಿಲ್ಲವೆಂದು ಸಿಬ್ಬಂದಿ ಮನೆಮನೆ ನೋಡಿ ಬರೆದದ್ದೋ, ಅವರು ರಜೆಯಲ್ಲಿದ್ದುದರಿಂದ ಖಾಲಿ ಉಳಿದ ಜಾಗ ಮೇಲಿನ ಹಂತದಲ್ಲಿ ಸೊನ್ನೆಯಾದದ್ದೋ ಎಂಬುದನ್ನು ಕೇಳಿ ತಿಳಿಯಬೇಕು. ಹಬ್ಬದ ವಾರದಲ್ಲಿ ಜಿಲ್ಲೆಯ ರೋಗಗಳೆಲ್ಲ ಒಟ್ಟಿಗೆ ಇಳಿದವೆಂದು ನಕ್ಷೆ ತೋರಿಸಿದರೆ, ಇಳಿದದ್ದು ವರದಿ ಮಾಡಿದ ಘಟಕಗಳ ಸಂಖ್ಯೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ. ಹೆಸರುಗಳ ಗೋಜಲು ಬೇರೆ. ಹೊಸಹಳ್ಳಿ ಎಂಬ ಊರು ಎಷ್ಟೋ ತಾಲ್ಲೂಕುಗಳಲ್ಲಿದೆ. 2014ರ ನವೆಂಬರ್ 1ರಂದು ನಮ್ಮ ಹಲವು ನಗರಗಳ ಇಂಗ್ಲಿಷ್ ಕಾಗುಣಿತ ಬದಲಾದ ಮೇಲೆ, ಶಿವಮೊಗ್ಗದಂಥ ಹೆಸರು ಹಳೆಯ ಕಡತದಲ್ಲಿ ಒಂದು ಬಗೆ, ಹೊಸದರಲ್ಲಿ ಇನ್ನೊಂದು ಬಗೆ. ಆದ್ದರಿಂದ ಊರನ್ನು ಹೆಸರಿನಿಂದಲ್ಲ, ಸರ್ಕಾರ ಪ್ರತಿ ಗ್ರಾಮಕ್ಕೂ ಕೊಟ್ಟಿರುವ ಸಂಕೇತ ಸಂಖ್ಯೆಯಿಂದಲೇ ಗುರುತಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ.

ಸಂದರ್ಶನದಲ್ಲಿ ಒಂದು ಪ್ರಶ್ನೆಯನ್ನು ನೀವೇ ಕೇಳಿ: ರೋಗ ಕಾಣಿಸಿಕೊಂಡ ಊರಿಗೆ ತನಿಖಾ ತಂಡ ಹೊರಟಾಗ ಡೇಟಾ ಮ್ಯಾನೇಜರ್‌ಗೂ ಜೀಪಿನಲ್ಲಿ ಜಾಗವಿದೆಯೇ? ಇದೆ ಎಂದರೆ ಎರಡು ವರ್ಷ ಧೈರ್ಯವಾಗಿ ಸೇರಿಕೊಳ್ಳಿ. ಆ ಅನುಭವದ ನಂತರ ಚೆನ್ನೈನಲ್ಲಿರುವ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಂಥ ಕಡೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಮಾಡುವ ಬಗ್ಗೆಯೂ ಯೋಚಿಸಬಹುದು. ಇಲ್ಲ ಎಂದರೆ ನಿಮ್ಮ ಅಣ್ಣನ ಮಾತಿಗೆ ತೂಕ ಹೆಚ್ಚು.

ಪ್ರಶ್ನೆ: ನಮ್ಮ ತೋಟದಂಚಿನ ಕಾಡಿನಲ್ಲಿ ಮಂಗ ಸತ್ತಿದ್ದಾಗ ಆರೋಗ್ಯ ಇಲಾಖೆಯವರು ಬಂದು, ಯಾವ ಮರದ ಕೆಳಗೆ, ಎಷ್ಟು ದಿನದ ಶವ ಎಂದೆಲ್ಲ ಕೇಳಿ ಮೊಬೈಲ್‌ನಲ್ಲಿ ಸ್ಥಳ ಗುರುತಿಸಿಕೊಂಡು ಹೋದರು. ಮನುಷ್ಯರ ಕಾಯಿಲೆಯ ಲೆಕ್ಕದಲ್ಲಿ ಮಂಗಕ್ಕೆ ಏನು ಕೆಲಸ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಈ ಕಾಯಿಲೆಯನ್ನು ಗುರುತಿಸಿದಾಗಲೂ ಮೊದಲು ಕಣ್ಣಿಗೆ ಬಿದ್ದದ್ದು ಸಾಲುಸಾಲಾಗಿ ಸಾಯುತ್ತಿದ್ದ ಮಂಗಗಳೇ. ಮಂಗನ ಕಾಯಿಲೆ ಎಂಬ ಹೆಸರು ನಿಂತದ್ದು ಹಾಗೆ. ವೈರಸ್ಸನ್ನು ಮಂಗಕ್ಕೂ ಮನುಷ್ಯರಿಗೂ ಹರಡುವುದು ಉಣುಗು. ಸತ್ತ ಮಂಗದ ಮೈ ತಣ್ಣಗಾದೊಡನೆ ಉಣುಗುಗಳು ಕೆಳಗಿಳಿದು ತರಗೆಲೆಯಲ್ಲಿ ಸೇರಿಕೊಳ್ಳುವುದರಿಂದ, ಶವ ಬಿದ್ದ ಜಾಗದ ಸುತ್ತ ಸುಮಾರು 50 ಮೀಟರ್ ವ್ಯಾಪ್ತಿಯನ್ನು ಅಪಾಯದ ಜಾಗವೆಂದು ಪರಿಗಣಿಸಿ ಕೀಟನಾಶಕದ ಪುಡಿ ಹಾಕುವ ಪದ್ಧತಿಯಿದೆ. ಮರದ ಗುರುತು ಕೇಳುವುದು ಅದಕ್ಕಾಗಿ. ಶವ ಎಷ್ಟು ದಿನದ್ದೆಂದು ಕೇಳುವುದಕ್ಕೆ ಎರಡು ಕಾರಣಗಳಿವೆ: ಕೊಳೆತ ಶವದಿಂದ ಪರೀಕ್ಷೆಗೆ ಯೋಗ್ಯವಾದ ಮಾದರಿ ಸಿಗುವುದು ಕಷ್ಟ, ಮತ್ತು ವಿಶ್ಲೇಷಕನಿಗೆ ಬೇಕಾದದ್ದು ಶವ ಕಂಡ ದಿನವಲ್ಲ, ಮಂಗ ಸತ್ತ ದಿನ. ಉಣುಗಿನ ಮರಿಗಳು ಹೆಚ್ಚು ಚುರುಕಾಗಿರುವ ಡಿಸೆಂಬರ್‌ನಿಂದ ಮೇ ತನಕದ ಅವಧಿಯೇ ನಿಮ್ಮಲ್ಲಿ ಅಡಿಕೆಯ ಕೊನೆಕೊಯ್ಲು, ಸೊಪ್ಪು, ದರಕು ಎಂದು ಜನ ತೋಟಕ್ಕೆ, ಬೆಟ್ಟಕ್ಕೆ ಹೋಗುವ ಕಾಲವೂ ಹೌದಲ್ಲ; ಜನರಲ್ಲಿ ಜ್ವರ ಕಾಣಿಸುವ ಮೊದಲೇ ಮಂಗದ ಸಾವು ತಿಳಿದರೆ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಯಾವ ಊರಿಗೆ ಮೊದಲು ಹೋಗಬೇಕೆಂದು ನಿರ್ಧರಿಸಬಹುದು.

ಇಲ್ಲೊಂದು ಎಚ್ಚರಿಕೆ ಬೇಕು. 2018–19ರ ಋತುವಿನಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡಿನ ಸುತ್ತ ರೋಗ ತೀವ್ರವಾಗಿ ಕಾಣಿಸಿಕೊಂಡಂಥ ಸಂದರ್ಭಗಳಲ್ಲಿ, ಪತ್ರಿಕೆಗಳಲ್ಲಿ ಸುದ್ದಿ ಬಂದಷ್ಟೂ ಜನ ಮಂಗದ ಶವಗಳನ್ನು ಹುಡುಕಿ ವರದಿ ಮಾಡುವುದು ಸಹಜ. ಆಗ ಏರಿದ್ದು ಸಾವೋ, ಜನರ ಗಮನವೋ ಎಂಬುದನ್ನು ಸಂಖ್ಯೆಯೊಂದೇ ಹೇಳಲಾರದು. ಪರೀಕ್ಷೆ ಮಾಡಿದ ಮಾದರಿಗಳಲ್ಲಿ ಎಷ್ಟರಲ್ಲಿ ವೈರಸ್ ಸಿಕ್ಕಿತು ಎಂಬ ಪ್ರಮಾಣವನ್ನೂ ಜೊತೆಗಿಟ್ಟು ನೋಡಬೇಕು. ನಾಯಿಯೋ ವಿದ್ಯುತ್ ತಂತಿಯೋ ಕೊಂದ ಮಂಗವೂ ಪಟ್ಟಿಯಲ್ಲಿ ಒಂದು ಸಾಲಾಗುತ್ತದೆ. ಆದರೂ ನೀವು ತಿಳಿಸುವುದನ್ನು ನಿಲ್ಲಿಸಬೇಡಿ, ಶವವನ್ನು ಮಾತ್ರ ಮುಟ್ಟಬೇಡಿ.

ಪ್ರಶ್ನೆ: ಡೆಂಗಿ ಪ್ರಕರಣಗಳಲ್ಲಿ ನಮ್ಮ ಜಿಲ್ಲೆ ಮುಂದಿದೆ, ಪಕ್ಕದ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಎಂದು ಓದಿದೆ. ಸೊಳ್ಳೆಗೆ ಜಿಲ್ಲೆಯ ಗಡಿ ಗೊತ್ತೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಸೊಳ್ಳೆಗೆ ಗೊತ್ತಿಲ್ಲ, ಪ್ರಯೋಗಾಲಯಕ್ಕೆ ಗೊತ್ತು. ಮಂಡ್ಯ, ಚಾಮರಾಜನಗರ, ಕೊಡಗಿನ ರೋಗಿಗಳೂ ಚಿಕಿತ್ಸೆಗೆ ಮೈಸೂರಿಗೆ ಬರುತ್ತಾರೆ. ಅವರ ವಿಳಾಸದ ಜಾಗದಲ್ಲಿ ಮೈಸೂರಿನ ನೆಂಟರ ಮನೆಯ ವಿಳಾಸವಿದ್ದರೆ ಪ್ರಕರಣ ನಿಮ್ಮ ಜಿಲ್ಲೆಯ ಖಾತೆಗೆ ಬೀಳುತ್ತದೆ. ಹೆಚ್ಚು ಪರೀಕ್ಷೆ ನಡೆಯುವಲ್ಲಿ ಹೆಚ್ಚು ಪ್ರಕರಣ ಸಿಗುವುದು ಇನ್ನೊಂದು ಮಾತು. ರೋಗ ಶುರುವಾದ ಮೊದಲ ಐದು ದಿನಗಳಲ್ಲಿ ಎನ್‌ಎಸ್1, ಅನಂತರ ಐಜಿಎಂ ಎಂಬ ರಕ್ತಪರೀಕ್ಷೆಯನ್ನು ಎಲೈಸಾ ಎಂಬ ಪ್ರಯೋಗಾಲಯ ವಿಧಾನದಲ್ಲಿ ಮಾಡಿ ಸೋಂಕು ಕಂಡಾಗಲೇ ರಾಷ್ಟ್ರೀಯ ಕಾರ್ಯಕ್ರಮ ಅದನ್ನು ಖಚಿತ ಪ್ರಕರಣವೆಂದು ಒಪ್ಪುತ್ತದೆ, ರ್ಯಾಪಿಡ್ ಕಾರ್ಡ್ ಎಂಬ ದಿಢೀರ್ ಪರೀಕ್ಷೆಯ ಫಲಿತಾಂಶ ಲೆಕ್ಕಕ್ಕೆ ಸೇರುವುದಿಲ್ಲ. ಎಲೈಸಾ ಸೌಲಭ್ಯ ದೂರವಿರುವ ತಾಲ್ಲೂಕಿನ ಅಂಕಿ ಚಿಕ್ಕದಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದಂಥ ಕ್ರಮಗಳ ನಂತರ ಖಾಸಗಿ ಆಸ್ಪತ್ರೆಗಳ ವರದಿ ಹೆಚ್ಚಿದರೂ ಅಂಕಿ ಏರುತ್ತದೆ. ಹಿಂದಿನ ವರ್ಷದೊಡನೆ ಹೋಲಿಸುವವರು ಇದನ್ನು ಮರೆಯಬಾರದು. ಇಷ್ಟೆಲ್ಲ ಆದ ಮೇಲೆ ಜನಸಂಖ್ಯೆಯಿಂದ ಭಾಗಿಸಬೇಕು. ಆ ಭಾಜಕಕ್ಕೆ ನಾವು ಇಷ್ಟು ವರ್ಷ ಆಧರಿಸಿರುವುದು 2011ರ ಜನಗಣತಿಯನ್ನು ಮತ್ತು ಅದರಿಂದ ಮುಂದಕ್ಕೆ ಅಂದಾಜಿಸಿದ ಸಂಖ್ಯೆಯನ್ನು. ಬಡಾವಣೆಗಳು ಬೆಳೆದ ನಗರದಲ್ಲಿ ಅದು ಎಷ್ಟು ಹೊಂದುತ್ತದೆಂಬುದನ್ನು ನಿಮ್ಮ ರಸ್ತೆಯನ್ನೇ ನೋಡಿ ಊಹಿಸಬಹುದು.

ಪ್ರಶ್ನೆ: ಈ ಕ್ಷೇತ್ರಕ್ಕೆ ಬರಲು ಯಾವ ಸಾಫ್ಟ್‌ವೇರ್ ಕಲಿಯಬೇಕು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಕೈಗೆ ಬರಲಿ, ಅನಂತರ ಆರ್ ಅಥವಾ ಪೈಥಾನ್‌ಗಳಲ್ಲಿ ಒಂದು, ಭೂಪಟಕ್ಕೆ ಕ್ಯೂಜಿಐಎಸ್. ಆರ್, ಪೈಥಾನ್, ಕ್ಯೂಜಿಐಎಸ್ ಮೂರೂ ಉಚಿತ. ರಜೆಯಲ್ಲಿ ಒಂದು ವಾರ ಆರೋಗ್ಯ ಕೇಂದ್ರದ ಹೊರರೋಗಿ ನೋಂದಣಿ ಪುಸ್ತಕ ಹೇಗೆ ತುಂಬಲ್ಪಡುತ್ತದೆಂದು ಅನುಮತಿ ಪಡೆದು ಕುಳಿತು ನೋಡಿದರೆ, ಯಾವ ಕೋರ್ಸ್‌ನಲ್ಲೂ ಸಿಗದ ತಿಳಿವಳಿಕೆ ಸಿಗುತ್ತದೆ.

ಪ್ರಶ್ನೆ: ನಾನು ತಾಲ್ಲೂಕು ಮಟ್ಟದಲ್ಲಿ ಆರೋಗ್ಯ ದತ್ತಾಂಶದ ಕೆಲಸದಲ್ಲಿದ್ದೇನೆ. ರೋಗಿಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತೆ ಊರಿನ ಪ್ರಮುಖರು ಒತ್ತಾಯಿಸುತ್ತಾರೆ. ಹೆಸರು ತೆಗೆದು ಕಳಿಸಿದರೆ ಸಾಕೇ?
– ಹೆಸರು ಬೇಡವೆಂದವರು

ಉತ್ತರ: ಸಾಲದು. 2020ರ ಕೋವಿಡ್ ಕಾಲದಲ್ಲಿ ನಮ್ಮ ರಾಜ್ಯದ ದೈನಂದಿನ ಪ್ರಕಟಣೆಯಲ್ಲಿ ಸೋಂಕಿತರಿಗೆ ಹೆಸರಿರಲಿಲ್ಲ, ‘ಪಿ’ ಅಕ್ಷರದ ಜೊತೆಗೊಂದು ಸಂಖ್ಯೆಯಷ್ಟೇ ಇತ್ತು. ಆದರೆ ವಯಸ್ಸು, ಲಿಂಗ, ಊರು, ಎಲ್ಲಿಂದ ಬಂದವರು ಎಂಬ ವಿವರ ಪಕ್ಕದಲ್ಲೇ ಇದ್ದುದರಿಂದ, ಚಿಕ್ಕ ಊರುಗಳಲ್ಲಿ ಆ ಸಂಖ್ಯೆ ಯಾರದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯೇ ಬಹಿರಂಗವಾಗಿತ್ತು. ಹೀಗೆ ಬಯಲಾಗುವ ಭಯವಿದ್ದರೆ ಮುಂದಿನ ರೋಗಿ ಪರೀಕ್ಷೆಗೇ ಬರುವುದಿಲ್ಲ, ಬಂದರೂ ತಪ್ಪು ವಿಳಾಸ ಬರೆಸುತ್ತಾನೆ. ಅಲ್ಲಿಗೆ ನಿಮ್ಮ ದತ್ತಾಂಶವೂ ಕೆಡುತ್ತದೆ. ಕೇಳಿದವರಿಗೆ ಗ್ರಾಮ ಪಂಚಾಯಿತಿವಾರು ಒಟ್ಟು ಸಂಖ್ಯೆಯನ್ನು ಕೊಡಿ, ಐದಕ್ಕಿಂತ ಕಡಿಮೆಯಿದ್ದಲ್ಲಿ ತಾಲ್ಲೂಕಿನ ಒಟ್ಟು ಸಂಖ್ಯೆಯನ್ನು ಮಾತ್ರ ಕೊಡಿ. ಚರಂಡಿ ಸ್ವಚ್ಛಗೊಳಿಸಲು, ಟ್ಯಾಂಕ್ ತೊಳೆಸಲು ಪಂಚಾಯಿತಿಗೆ ಬೇಕಾದದ್ದು ರೋಗಿಯ ಹೆಸರಲ್ಲ, ಬೀದಿಯ ಹೆಸರು. ಅದನ್ನು ಅಭಿವೃದ್ಧಿ ಅಧಿಕಾರಿಗೆ ಪತ್ರದ ಮೂಲಕ ತಿಳಿಸಬಹುದು. ಒತ್ತಾಯ ಮುಂದುವರಿದರೆ, ಲಿಖಿತ ಮನವಿಯನ್ನು ಜಿಲ್ಲಾ ಸರ್ವೇಕ್ಷಣಾಧಿಕಾರಿಗಳಿಗೆ ಸಲ್ಲಿಸುವಂತೆ ವಿನಯದಿಂದ ಹೇಳಿ. ನನಗೆ ತಿಳಿದಂತೆ ಹಾಗೆ ಬರೆದುಕೊಡುವವರು ಕಡಿಮೆ.